ಹಳೆಯ ನೂರು ಸಿಸಿ ಬೈಕನ್ನು ದೂರದ ಪ್ರಯಾಣಕ್ಕೆ ಅಣಿಗೊಳಿಸುವ ಬಗೆ: ದಾವಣಗೆರೆಯಿಂದ ಕಾಶಿಗೆ ಹೊರಡುವ ಮುನ್ನ

ನನ್ನ ಬಳಿ ಇರುವುದು 2003ರ ಸ್ಪ್ಲೆಂಡರ್. ಕೆಎ–17 ಫಲಕದ ಈ ಗಾಡಿಯನ್ನು ಅಪ್ಪ ದಾವಣಗೆರೆಯಿಂದ ಹರಿಹರಕ್ಕೆ ದಿನವೂ ಕೆಲಸಕ್ಕೆ ಹೋಗಿಬರಲು ಕೊಂಡಿದ್ದರು. ಎಂಜಿನ್ 97.2 ಸಿಸಿ, ಶಕ್ತಿ ಏಳೂವರೆ ಅಶ್ವಶಕ್ತಿಯ ಆಸುಪಾಸು. ಇದರ ಮೇಲೆ ಕಾಶಿಗೆ ಹೋಗಿಬರುವೆನೆಂದಾಗ ಮನೆಯಲ್ಲಿ ನಕ್ಕರು, ಗ್ಯಾರೇಜಿನಲ್ಲಿ ಮಾತ್ರ ಯಾರೂ ನಗಲಿಲ್ಲ. ಮೇಸ್ತ್ರಿ ಗಾಡಿಯನ್ನು ಒಮ್ಮೆ ಸುತ್ತು ಹಾಕಿ ನೋಡಿ, "ಹೋಗ್ತದ್ರಿ, ಆದ್ರೆ ಅದಕ್ಕೆ ಮೂರು ತಿಂಗಳು ಟೈಮ್ ಕೊಡ್ರಿ" ಎಂದರು. ಆ ಮೂರು ತಿಂಗಳಲ್ಲಿ ಏನೇನು, ಯಾವ ಕ್ರಮದಲ್ಲಿ ಮಾಡಬೇಕೆಂಬುದನ್ನು ಇಲ್ಲಿ ಬರೆದಿದ್ದೇನೆ. ಸಿಡಿ 100, ಪ್ಯಾಶನ್ ಮುಂತಾದ ಅದೇ ಕುಲದ ಗಾಡಿಗಳಿಗೆ ಇದು ಬಹುತೇಕ ಹಾಗೆಯೇ ಹೊಂದುತ್ತದೆ; ಉಳಿದ ಸಣ್ಣ ನಾಲ್ಕು ಸ್ಟ್ರೋಕ್ ಗಾಡಿಗಳಿಗೆ ಅಳತೆಗಳು ಬೇರೆಯಾದರೂ ಕ್ರಮ ಇದೇ.

ಸಿದ್ಧತೆಯೆಂದರೆ ಹಳೆಯ ಗಾಡಿಯನ್ನು ಹೊಸದು ಮಾಡುವುದೂ ಅಲ್ಲ, ಅದಕ್ಕೆ ಇಲ್ಲದ ಭಾಗಗಳನ್ನು ಜೋಡಿಸುವುದೂ ಅಲ್ಲ. ಗಾಡಿಯೊಳಗೆ ಅಡಗಿರುವ ತಕರಾರುಗಳನ್ನು ನಮ್ಮ ಊರಿನ ಸುತ್ತಲೇ, ಕರೆದರೆ ಟೆಂಪೊ ಬರುವಷ್ಟು ದೂರದಲ್ಲೇ, ಒಂದೊಂದಾಗಿ ಹೊರಗೆ ಬರುವಂತೆ ಮಾಡುವುದು ಸಿದ್ಧತೆ. ಆದ್ದರಿಂದ ಖರ್ಚಿನ ಹೆಚ್ಚಿನ ಪಾಲು ಹೊಳೆಯುವ ಸಾಮಾನುಗಳಿಗೆ ಹೋಗದೆ ಬೇರಿಂಗು, ಬುಷ್, ಕೇಬಲ್, ರಬ್ಬರ್ ಪೈಪುಗಳಂಥ ಕಣ್ಣಿಗೆ ಬೀಳದ ಭಾಗಗಳಿಗೆ ಹೋಗಬೇಕು.

ಮೊದಲು ಕಾಗದಪತ್ರ

ಇದನ್ನು ಕೊನೆಗೆ ಇಟ್ಟುಕೊಳ್ಳುವವರೇ ಹೆಚ್ಚು. ಆದರೆ ಎಲ್ಲಕ್ಕಿಂತ ಹೆಚ್ಚು ದಿನ ಹಿಡಿಯುವುದು ಇದೇ. ನೋಂದಣಿಯಾಗಿ 15 ವರ್ಷ ದಾಟಿದ ದ್ವಿಚಕ್ರ ವಾಹನದ ಆರ್‌ಸಿಯನ್ನು ನವೀಕರಿಸಬೇಕು. ಆ ನವೀಕರಣ 5 ವರ್ಷಕ್ಕೆ ಮಾತ್ರ. ಅರ್ಜಿ ನಮೂನೆ 25. ಗಾಡಿಯನ್ನು ಆರ್‌ಟಿಒ ಕಚೇರಿಗೆ ಒಯ್ದು ತೋರಿಸಬೇಕಾಗುವುದರಿಂದ ದೀಪ, ಹಾರ್ನ್, ಬ್ರೇಕು, ಇಂಡಿಕೇಟರ್ ಅಷ್ಟರಲ್ಲೇ ಸರಿಯಾಗಿರಬೇಕು. ಚಾಸಿಸ್ ಸಂಖ್ಯೆ ತುಕ್ಕಿನಲ್ಲಿ ಮುಚ್ಚಿಹೋಗಿದ್ದರೆ ಸೀಮೆಎಣ್ಣೆ ಹಚ್ಚಿ, ಬಟ್ಟೆಯಿಂದ ಉಜ್ಜಿ, ಓದಲು ಬರುವಂತೆ ಮಾಡಿಕೊಂಡು ಹೋಗಿ. 2019ರ ಏಪ್ರಿಲ್‌ಗೆ ಮುಂಚೆ ನೋಂದಣಿಯಾದ ವಾಹನಗಳಿಗೂ ಅತಿ ಸುರಕ್ಷಿತ ನೋಂದಣಿ ಫಲಕ ಬೇಕೆಂದು ನಮ್ಮ ರಾಜ್ಯದಲ್ಲಿ 2023ರಲ್ಲಿ ಆದೇಶವಾಗಿದೆ. ಹೊರರಾಜ್ಯದ ಪೊಲೀಸರ ಕಣ್ಣು ಮೊದಲು ಬೀಳುವುದು ಆ ಫಲಕದ ಮೇಲೆಯೇ. ವಿಮೆ, ಹೊಗೆ ತಪಾಸಣೆ ಪತ್ರ, ಚಾಲನಾ ಪರವಾನಗಿ ಇವುಗಳ ಅವಧಿ ನೀವು ಮರಳಿ ಬರುವ ದಿನವನ್ನು ದಾಟಿರಲಿ. ಡಿಜಿಲಾಕರ್‌ನಲ್ಲಿ ಎಲ್ಲವೂ ಇದ್ದರೂ ಒಂದು ಜೊತೆ ಪ್ರತಿಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಸೀಟಿನ ಕೆಳಗೆ ಇಡಿ.

ಹಾದಿಯ ಆಯ್ಕೆಗೂ ಗಾಡಿಯ ವಯಸ್ಸಿಗೂ ಸಂಬಂಧವಿದೆ. ದೆಹಲಿ ಮತ್ತು ಸುತ್ತಲ ರಾಜಧಾನಿ ವಲಯದಲ್ಲಿ 15 ವರ್ಷ ಮೀರಿದ ಪೆಟ್ರೋಲ್ ವಾಹನಗಳ ಮೇಲಿನ ನಿರ್ಬಂಧ 2015ರಿಂದ ನ್ಯಾಯಾಲಯಗಳಲ್ಲಿ ಹಲವು ರೂಪ ತಾಳುತ್ತ ಬಂದಿದೆ. ಉತ್ತರಕ್ಕೆ ಹೊರಟವರು ಆ ವಲಯವನ್ನೇ ಬಳಸಿ ಹೋಗುವುದು ಲೇಸು. ಕಾಶಿಯ ಹಾದಿಗೆ ಆ ಚಿಂತೆಯಿಲ್ಲ: ಹೊಸಪೇಟೆ, ರಾಯಚೂರು, ಹೈದರಾಬಾದ್, ನಾಗಪುರ, ಜಬಲ್ಪುರ, ರೀವಾ, ಮಿರ್ಜಾಪುರ. ಹೋಗಿಬರಲು ಸುಮಾರು ಮೂರೂವರೆ ಸಾವಿರ ಕಿಲೋಮೀಟರ್ ಎಂದು ಲೆಕ್ಕ ಹಿಡಿಯಬಹುದು.

ಗಾಡಿಯನ್ನು ಓದುವುದು

ಯಾವ ಭಾಗವನ್ನೂ ಬಿಚ್ಚುವ ಮುನ್ನ ಗಾಡಿಯನ್ನು ಸೀಮೆಎಣ್ಣೆ ಮತ್ತು ಸೋಪಿನ ನೀರಿನಿಂದ ಚೆನ್ನಾಗಿ ತೊಳೆದು ಒಣಗಿಸಿ, ಒಂದು ದಿನ ಓಡಿಸಿ. ಹಳೆಯ ಜಿಡ್ಡಿನ ಮೇಲೆ ಹೊಸ ಸೋರಿಕೆ ಕಾಣುವುದಿಲ್ಲ. ತೊಳೆದ ಎಂಜಿನ್ನಿನ ಮೇಲೆ ಮರುದಿನ ಬೆಳಿಗ್ಗೆ ಎಲ್ಲೆಲ್ಲಿ ಎಣ್ಣೆ ಜಿನುಗಿದೆಯೋ ಅದು ತಾನಾಗಿಯೇ ಎದ್ದು ತೋರುತ್ತದೆ. ಅನಂತರ ಒಂದು ನೋಟ್ ಪುಸ್ತಕ ತೆಗೆದುಕೊಂಡು ಮುಂದಿನ ಗಾಲಿಯಿಂದ ಹಿಂದಿನ ದೀಪದವರೆಗೆ ನಡೆಯುತ್ತ, ಕಂಡದ್ದನ್ನೆಲ್ಲ ಬರೆದುಕೊಳ್ಳಿ. ನನ್ನ ಪಟ್ಟಿಯಲ್ಲಿ 31 ಸಂಗತಿಗಳಿದ್ದವು. ಅವುಗಳಲ್ಲಿ ಹನ್ನೊಂದು ಬರೀ ಸಡಿಲಾದ ಅಥವಾ ಇಲ್ಲವೇ ಇಲ್ಲದ ಬೋಲ್ಟುಗಳು.

ಗಾಡಿಯನ್ನು ನಡುಸ್ಟ್ಯಾಂಡಿಗೆ ಹಾಕಿ, ಮುಂದಿನ ಗಾಲಿ ನೆಲ ಬಿಡುವಂತೆ ಎಂಜಿನ್ನಿನ ಕೆಳಗೆ ಮರದ ತುಂಡು ಕೊಟ್ಟು, ಹ್ಯಾಂಡಲನ್ನು ಎರಡೇ ಬೆರಳಿನಿಂದ ಎಡದಿಂದ ಬಲಕ್ಕೆ ನಿಧಾನವಾಗಿ ತಿರುಗಿಸಿ. ನಟ್ಟನಡುವೆ ಅದು ಹಳ್ಳಕ್ಕೆ ಬಿದ್ದಂತೆ ನಿಂತರೆ ಕೋನ್ ಸೆಟ್, ಅಂದರೆ ಹ್ಯಾಂಡಲ್ ಕೊರಳಿನ ಬೇರಿಂಗು, ಸವೆದಿದೆಯೆಂದು ಅರ್ಥ. ಊರೊಳಗೆ ಇದು ಗೊತ್ತೇ ಆಗುವುದಿಲ್ಲ. ಹಿಂದೆ ಭಾರ ಹೇರಿ 60ರ ವೇಗದಲ್ಲಿ ಹೋದಾಗ ಗಾಡಿ ಹಾವಿನಂತೆ ಹರಿದಾಡತೊಡಗುತ್ತದೆ. ಮುಂದಿನ ಫೋರ್ಕಿನ ಕೆಳತುದಿಗಳನ್ನು ಹಿಡಿದು ಹಿಂದೆ ಮುಂದೆ ಅಲುಗಿಸಿದಾಗ ಟಕ್ ಎಂದರೂ ಅದೇ ದೋಷ. ಕೆಲವೊಮ್ಮೆ ನಟ್ ಬಿಗಿ ಮಾಡಿದರೆ ಸಾಕಾಗುತ್ತದೆ, ಹಳ್ಳ ಬಿದ್ದಿದ್ದರೆ ಸೆಟ್ಟನ್ನೇ ಬದಲಿಸಬೇಕು.

ಹಿಂದಿನ ಗಾಲಿಯ ಪರೀಕ್ಷೆಗೆ ಇಬ್ಬರು ಬೇಕು. ಒಬ್ಬರು ಟೈರನ್ನು ಎರಡೂ ಕೈಗಳಿಂದ ಹಿಡಿದು ಎಡಕ್ಕೂ ಬಲಕ್ಕೂ ಅಲುಗಿಸಲಿ, ಇನ್ನೊಬ್ಬರು ಹಿಂದಿನ ಗಾಲಿಯನ್ನು ಹಿಡಿದಿರುವ ಸ್ವಿಂಗ್ ಆರ್ಮಿನ ಮೇಲೆ ಬೆರಳಿಟ್ಟು ಗಮನಿಸಲಿ. ಗಾಲಿ ಮಾತ್ರ ಅಲುಗಿದರೆ ಬೇರಿಂಗು ಹೋಗಿದೆ. ಸ್ವಿಂಗ್ ಆರ್ಮೂ ಜೊತೆಯಲ್ಲಿ ಅಲುಗಿದರೆ ಅದರ ಬುಷ್ ಹೋಗಿದೆ. ನನ್ನ ಗಾಡಿಯಲ್ಲಿ ಎರಡೂ ಹೋಗಿದ್ದವು! ಬೇರಿಂಗನ್ನು ಮೊದಲ ಸಲ ಅಗ್ಗಕ್ಕೆ ಸಿಕ್ಕಿತೆಂದು ಹೆಸರಿಲ್ಲದ ಡಬ್ಬಿಯದನ್ನು ತಂದು ಹಾಕಿಸಿ, ನಾಲ್ಕು ನೂರು ಕಿಲೋಮೀಟರಿಗೆ ಮತ್ತೆ ಗಾಲಿ ಬಿಚ್ಚಿಸಿದೆ. ಅಂದಿನಿಂದ ಬೇರಿಂಗನ್ನು ಬೈಕಿನ ಅಂಗಡಿಯ ಬದಲು ಪಂಪ್‌ಸೆಟ್ ಮೋಟರುಗಳಿಗೆ ಬೇರಿಂಗು ಮಾರುವ ಅಂಗಡಿಯಲ್ಲಿ, ಹಳೆಯದರ ಮೇಲಿನ ಸಂಖ್ಯೆ ತೋರಿಸಿ, ಒಳ್ಳೆಯ ತಯಾರಕರದ್ದನ್ನೇ ಕೇಳಿ ತರುತ್ತೇನೆ. ನಮ್ಮ ಬಯಲುಸೀಮೆಯಲ್ಲಿ ಕೊಳವೆಬಾವಿಗಳು ಇರುವವರೆಗೆ ಬೇರಿಂಗಿಗೆ ಬರವಿಲ್ಲ.

ಎಂಜಿನ್ ಬಿಚ್ಚಬೇಕೇ?

ದೂರ ಹೊರಟವರೆಲ್ಲ ಮೊದಲು ಕೇಳುವ ಪ್ರಶ್ನೆ ಇದು. ನನ್ನ ಅಭಿಪ್ರಾಯದಲ್ಲಿ, ಸದ್ದಿಲ್ಲದೆ ಹೊಗೆಯಿಲ್ಲದೆ ಓಡುತ್ತಿರುವ ಎಂಜಿನ್ನನ್ನು ಪ್ರಯಾಣದ ನೆಪದಲ್ಲಿ ಬಿಚ್ಚಬಾರದು. ಬಿಚ್ಚಬೇಕೇ ಬೇಡವೇ ಎಂಬುದನ್ನು ಹೊಗೆ ಮತ್ತು ಎಣ್ಣೆಯ ಲೆಕ್ಕ ತೀರ್ಮಾನಿಸಲಿ. ರಾತ್ರಿಯೆಲ್ಲ ನಿಂತ ಗಾಡಿಯನ್ನು ಬೆಳಿಗ್ಗೆ ಕಿಕ್ ಹೊಡೆದಾಗ ಒಂದು ಸಲ ನೀಲಿ ಹೊಗೆ ಬಂದು ನಿಂತುಹೋದರೆ ವಾಲ್ವಿನ ಆಯಿಲ್ ಸೀಲುಗಳು ಗಟ್ಟಿಯಾಗಿವೆ. ಹೆಡ್ ಬಿಚ್ಚಿದರೆ ಮುಗಿಯುವ ಕೆಲಸ. ಓಡುವಾಗ ಆಕ್ಸಿಲರೇಟರ್ ಕೊಟ್ಟಾಗಲೆಲ್ಲ ನೀಲಿ ಹೊಗೆ ಹಿಂಬಾಲಿಸಿದರೆ ಪಿಸ್ಟನ್ನಿನ ರಿಂಗು, ಬೋರ್ (ಸಿಲಿಂಡರಿನ ಒಳಮೈ) ಸವೆದಿವೆ. ಆಗ ಸಿಲಿಂಡರನ್ನು ಲೇತಿಗೆ ಕೊಟ್ಟು ಬೋರ್ ಮಾಡಿಸಿ, 0.25 ಅಥವಾ 0.50 ಮಿಲಿಮೀಟರ್ ದೊಡ್ಡ ಪಿಸ್ಟನ್ ಹಾಕಿಸಬೇಕು, ಮತ್ತು ಹೊರಡುವ ಮುನ್ನ ಕನಿಷ್ಠ ಸಾವಿರ ಕಿಲೋಮೀಟರ್ ಮೆತ್ತಗೆ ಓಡಿಸಿ ಒಗ್ಗಿಸಬೇಕು. ಮೂರು ತಿಂಗಳು ಬೇಕೆಂದು ಮೇಸ್ತ್ರಿ ಹೇಳಿದ್ದರ ಒಂದು ಕಾರಣ ಇದು. ಬೋರ್ ಮಾಡಿಸಿದ ಮರುವಾರವೇ ನಾಗಪುರದ ಬಿಸಿಲಿಗೆ ಎಂಜಿನ್ನನ್ನು ಒಡ್ಡುವುದು ಕಾಸು ಕೊಟ್ಟು ಪಿಸ್ಟನ್ ಜಾಮ್ ಮಾಡಿಸಿಕೊಂಡಂತೆ.

ಎಣ್ಣೆಯ ಲೆಕ್ಕ ಹೀಗೆ: ಎಂಜಿನ್ನನ್ನು ಐದು ನಿಮಿಷ ಓಡಿಸಿ, ನಿಲ್ಲಿಸಿ, ಎರಡು ಮೂರು ನಿಮಿಷ ಬಿಟ್ಟು, ಸಮತಟ್ಟಾದ ನೆಲದಲ್ಲಿ ನಡುಸ್ಟ್ಯಾಂಡಿನ ಮೇಲೆ ಎಣ್ಣೆ ಕಡ್ಡಿಯನ್ನು ಒರೆಸಿ ಇಳಿಬಿಡಿ. ಕಡ್ಡಿಯನ್ನು ತಿರುಗಿಸಿ ಬಿಗಿಯಬಾರದು, ಸುಮ್ಮನೆ ಕೂರಿಸಬೇಕು. ಬಿಗಿದು ನೋಡಿದವರಿಗೆ ಎಣ್ಣೆ ಇರುವುದಕ್ಕಿಂತ ಹೆಚ್ಚು ಕಾಣುತ್ತದೆ. ಮೇಲಿನ ಗೀಟಿನವರೆಗೆ ತುಂಬಿಸಿ 500 ಕಿಲೋಮೀಟರ್ ಓಡಿಸಿದ ಮೇಲೆ ಕೆಳಗಿನ ಗೀಟು ಮುಟ್ಟದಿದ್ದರೆ ಎಂಜಿನ್ ದೂರಕ್ಕೆ ಯೋಗ್ಯ. ಈ ಎಂಜಿನ್ನಿನಲ್ಲಿ ಎಣ್ಣೆ ಮುಕ್ಕಾಲು ಲೀಟರಿನ ಆಸುಪಾಸು ಮಾತ್ರ ಹಿಡಿಯುತ್ತದೆ. ಅದರಿಂದ ಕಾಲು ಲೀಟರ್ ಕಡಿಮೆಯಾದರೆ ಮೂರನೆಯ ಒಂದು ಭಾಗವೇ ಹೋದಂತೆ. ದೊಡ್ಡ ಗಾಡಿಯವರ ಅಸಡ್ಡೆ ನಮಗೆ ಸಲ್ಲದು.

ಎಣ್ಣೆ ಬದಲಿಸುವಾಗ ಬಲಗಡೆಯ ಕ್ಲಚ್ ಕವರ್ ಬಿಚ್ಚಿಸಿ, ಒಳಗಿನ ಜಾಲರಿಯನ್ನೂ ಸುತ್ತು ಫಿಲ್ಟರನ್ನೂ ತೊಳೆಸಿ. ಸಾಧಾರಣ ಸರ್ವಿಸಿನಲ್ಲಿ ಯಾರೂ ಇದನ್ನು ಮುಟ್ಟುವುದಿಲ್ಲ. ನನ್ನ ಗಾಡಿಯ ಸುತ್ತು ಫಿಲ್ಟರಿನ ಗೋಡೆಗೆ ಕಪ್ಪು ಮೇಣದಂಥ ಕೆಸರು ಒಂದು ಚಾಕುವಿನ ಮೊನೆಯಷ್ಟು ದಪ್ಪಕ್ಕೆ ಅಂಟಿಕೊಂಡಿತ್ತು. ಮೇಸ್ತ್ರಿ ಅದನ್ನು ಕೆರೆದು ಹಳೆಯ ಪತ್ರಿಕೆಯ ಮೇಲೆ ಹರಡಿ ಬೆಳಕಿಗೆ ಹಿಡಿದಾಗ ಅದರಲ್ಲಿ ಲೋಹದ ಹುಡಿ ಮಿಣಮಿಣ ಎನ್ನುತ್ತಿತ್ತು. ಕವರ್ ತೆಗೆದಾಗಲೇ ಕ್ಲಚ್ ಪ್ಲೇಟುಗಳನ್ನೂ ನೋಡಿ, ಸವೆದಿದ್ದರೆ ಬದಲಿಸಿ. ಗ್ಯಾಸ್ಕೆಟ್ ಪ್ರತಿ ಸಲವೂ ಹೊಸದೇ ಇರಲಿ. ಎಣ್ಣೆ ಇಳಿಸುವ ಬೋಲ್ಟನ್ನು ಪಾನಾಕ್ಕೆ ಪೈಪು ತೂರಿಸಿ ಬಿಗಿಯಬೇಡಿ. ಎಂಜಿನ್ನಿನ ಹೊಟ್ಟೆ ಅಲ್ಯೂಮಿನಿಯಂ, ಬೋಲ್ಟು ಕೂರುವ ಮರೆ (ಥ್ರೆಡ್) ಸವೆದುಹೋದರೆ ದೊಡ್ಡ ಕೆಲಸವಾಗುತ್ತದೆ.

ಟ್ಯಾಪೆಟ್ ಹೊಂದಾಣಿಕೆ, ಅಂದರೆ ವಾಲ್ವನ್ನು ಒತ್ತುವ ಭಾಗದ ಸಂದನ್ನು ಸರಿಮಾಡುವುದು, ಪೂರಾ ತಣ್ಣಗಿರುವ ಎಂಜಿನ್ನಿನಲ್ಲೇ ಆಗಬೇಕು, ಅಂದರೆ ಗಾಡಿಯನ್ನು ಹಿಂದಿನ ರಾತ್ರಿಯೇ ಗ್ಯಾರೇಜಿನಲ್ಲಿ ಬಿಟ್ಟು ಬರಬೇಕು. ಸಂದು ಮಿಲಿಮೀಟರಿನ ನೂರನೆಯ ಭಾಗಗಳ ಲೆಕ್ಕದ್ದಾದ್ದರಿಂದ ಕೈ ಅಂದಾಜಿಗೆ ಬಿಡದೆ, ಕೈಪಿಡಿಯಲ್ಲಿರುವ ಅಳತೆಯ ಫೀಲರ್ ಪಟ್ಟಿಯನ್ನು ತೂರಿಸಿ ನೋಡಲು ಹೇಳಿ. ಸ್ವಲ್ಪ ಟಕಟಕ ಎನ್ನುವ ಟ್ಯಾಪೆಟ್ ಒಳ್ಳೆಯದು; ಸದ್ದೇ ಬಾರದಂತೆ ಬಿಗಿ ಮಾಡಿದರೆ ಬಿಸಿಯಾದಾಗ ವಾಲ್ವ್ ಪೂರ್ತಿ ಮುಚ್ಚದೆ ಸುಟ್ಟುಹೋಗುತ್ತದೆ. ಸದ್ದಿಲ್ಲದ ಗಾಡಿ ಬೇಕೆಂಬ ಹಟದಿಂದ ಹಾಳಾದ ಹೆಡ್ಡುಗಳನ್ನು ಎಷ್ಟೋ ನೋಡಿದ್ದೇನೆ.

ಪೆಟ್ರೋಲ್ ಮತ್ತು ಗಾಳಿಯ ದಾರಿ

ಇಂದು ಬಂಕುಗಳಲ್ಲಿ ಸಿಗುವ ಪೆಟ್ರೋಲಿನಲ್ಲಿ ಶೇ 20ರಷ್ಟು ಎಥೆನಾಲ್ ಇರುತ್ತದೆ. 2003ರ ಗಾಡಿಯ ರಬ್ಬರನ್ನು ಅದಕ್ಕೆಂದು ಮಾಡಿದ್ದಲ್ಲ. ಪೆಟ್ರೋಲ್ ಪೈಪು ಬಿರುಕು ಬಿಡುವುದು, ಕಾರ್ಬುರೇಟರಿನ ಓ-ರಿಂಗು ಉಬ್ಬುವುದು, ನಳದ ವಾಷರ್ ಗಟ್ಟಿಯಾಗುವುದು ಇವೆಲ್ಲ ಈಗ ಹಿಂದಿಗಿಂತ ಹೆಚ್ಚು. ಎಥೆನಾಲಿಗೆ ನೀರನ್ನು ಹೀರುವ ಗುಣವಿದೆಯಾದ್ದರಿಂದ ಅರ್ಧ ತುಂಬಿದ ಟ್ಯಾಂಕು ತಿಂಗಳುಗಟ್ಟಲೆ ನಿಂತರೆ ಒಳಗೆ ತುಕ್ಕು ಹಿಡಿಯುತ್ತದೆ. ಟ್ಯಾಂಕನ್ನು ಇಳಿಸಿ, ಟಾರ್ಚ್ ಹಿಡಿದು ಒಳಗೆ ನೋಡಿ. ಕೆಂಪು ಹುಡಿ ಕಂಡರೆ ಒಂದು ಹಿಡಿ ಸಣ್ಣ ನಟ್ಟುಗಳನ್ನೂ ಸ್ವಲ್ಪ ಪೆಟ್ರೋಲನ್ನೂ ಹಾಕಿ ಕುಲುಕಿ, ಚೊಕ್ಕ ಪೆಟ್ರೋಲ್ ಬರುವವರೆಗೆ ತೊಳೆಯಿರಿ, ಆಮೇಲೆ ಹಾಕಿದ ನಟ್ಟುಗಳನ್ನು ಎಣಿಸಿ ತೆಗೆಯಿರಿ. ಪೆಟ್ರೋಲ್ ಪೈಪು ಹೊಸದು ಹಾಕಿ, ನಡುವೆ ಕಾಣುವಂಥ ಚಿಕ್ಕ ಫಿಲ್ಟರ್ ಸೇರಿಸಿ. ನಳವನ್ನು ರಿಸರ್ವಿಗೆ ತಿರುಗಿಸಿದಾಗ ನಿಜಕ್ಕೂ ಪೆಟ್ರೋಲ್ ಬರುತ್ತದೆಯೇ ಎಂದು ಊರಲ್ಲೇ ಪರೀಕ್ಷಿಸಿ. ತುಕ್ಕೆಲ್ಲ ಟ್ಯಾಂಕಿನ ತಳದಲ್ಲಿ ಸೇರುವುದರಿಂದ ಆ ಕಿಂಡಿ ಕಟ್ಟಿಕೊಂಡಿರುವುದು ಸಾಮಾನ್ಯ.

ಕಾರ್ಬುರೇಟರನ್ನು ಬಿಚ್ಚಿದಾಗ ಪೆಟ್ರೋಲ್ ಹಾಯುವ ಜೆಟ್ಟಿನ ಸಣ್ಣ ತೂತಿಗೆ ತಂತಿ ತೂರಿಸಲು ಬಿಡಬೇಡಿ. ಗಾಳಿ ಹೊಡೆದರೆ ಸಾಕು. ಏರ್ ಫಿಲ್ಟರ್ ಸ್ಪಂಜಿನದಾದರೆ ಸೀಮೆಎಣ್ಣೆಯಲ್ಲಿ ತೊಳೆದು, ಒಣಗಿಸಿ, ಎಂಜಿನ್ ಎಣ್ಣೆಯಲ್ಲಿ ಅದ್ದಿ ಹಿಂಡಿ ಕೂರಿಸಿ; ಕಾಗದದ್ದಾದರೆ ಹೊಸದು ಹಾಕಿ. ಎರೆಭೂಮಿಯ ದೂಳು ತಿಂದ ಫಿಲ್ಟರ್ ಎಷ್ಟು ಬೇಗ ಕಟ್ಟಿಕೊಳ್ಳುತ್ತದೆಂದು ಜಗಳೂರಿನ ಕಡೆ ಬೇಸಿಗೆಯಲ್ಲಿ ಓಡಾಡಿದವರಿಗೆ ಹೇಳಬೇಕಾಗಿಲ್ಲ. ಇಷ್ಟಾದ ಮೇಲೆ ಹೆದ್ದಾರಿಯಲ್ಲಿ ಹತ್ತು ಕಿಲೋಮೀಟರ್ ಒಂದೇ ವೇಗದಲ್ಲಿ ಓಡಿಸಿ, ಎಂಜಿನ್ ಆರಿಸಿ, ತಣಿದ ಮೇಲೆ ಪ್ಲಗ್ ಬಿಚ್ಚಿ ನೋಡಿ. ಹುರಿಗಡಲೆಯ ಸಿಪ್ಪೆಯ ಕಂದು ಬಣ್ಣವಿದ್ದರೆ ಸರಿ. ಒಣ ಕಪ್ಪು ಮಸಿಯಾದರೆ ಪೆಟ್ರೋಲ್ ಹೆಚ್ಚು, ಬಿಳುಪಾದರೆ ಕಡಿಮೆ, ಒದ್ದೆ ಕಪ್ಪಾದರೆ ಎಣ್ಣೆ ಮೇಲೇರುತ್ತಿದೆ.

ಚೈನು, ಗಾಲಿ, ಬ್ರೇಕು

ಸ್ಪ್ಲೆಂಡರಿನ ಚೈನು ಪೂರ್ತಿ ಕವರಿನೊಳಗೆ ಇರುತ್ತದೆ. ದೂಳು ತಾಗದೆ ಹೆಚ್ಚು ದಿನ ಬಾಳುತ್ತದೆನ್ನುವುದು ಅದರ ಗುಣ, ಕಣ್ಣಿಗೆ ಬೀಳದೆ ಮರೆತುಹೋಗುತ್ತದೆನ್ನುವುದು ಅದರ ದೋಷ. ಕವರ್ ಬಿಚ್ಚಿ, ಹಿಂದಿನ ಪಲ್ಲುಚಕ್ರದ ಹಿಂತುದಿಯಲ್ಲಿ ಚೈನನ್ನು ಬೆರಳಿನಿಂದ ಹೊರಕ್ಕೆಳೆಯಿರಿ. ಹಲ್ಲಿನ ಅರ್ಧಭಾಗ ಕಾಣುವಷ್ಟು ಮೇಲೆದ್ದರೆ ಚೈನಿನ ಆಯಸ್ಸು ಮುಗಿದಿದೆ. ಹಲ್ಲುಗಳು ಕುಡುಗೋಲಿನಂತೆ ಒಂದು ಕಡೆಗೆ ಬಾಗಿದ್ದರೆ ಚಕ್ರದ ಆಯಸ್ಸೂ ಮುಗಿದಿದೆ. ಚೈನನ್ನಷ್ಟೇ ಬದಲಿಸಿದರೆ ಸಾಲದೇ ಎಂದು ನಾನು ಕೇಳಿದಾಗ ಮೇಸ್ತ್ರಿ, "ಮುದಿ ಎತ್ತಿನ ಜೋಡಿ ಹೋರಿ ಹೂಡಿದಂಗಾಗ್ತದ್ರಿ, ಎರಡೂ ಕೆಡ್ತಾವೆ" ಎಂದರು. ಆದ್ದರಿಂದ ಚೈನು, ಮುಂದಿನ ಚಕ್ರ, ಹಿಂದಿನ ಚಕ್ರ ಮೂರನ್ನೂ ಒಟ್ಟಿಗೇ ಹಾಕಿಸಿ. ಚೈನಿನ ಸಡಿಲ ಸುಮಾರು 25 ಮಿಲಿಮೀಟರ್, ಅಂದರೆ ಒಂದಂಗುಲ ಇರಲಿ. ಸಾಮಾನು ಹೇರಿದಾಗ ಚೈನು ಇನ್ನಷ್ಟು ಬಿಗಿಯಾಗುವುದರಿಂದ ಭಾರ ಹಾಕಿ, ಮೇಲೆ ಒಬ್ಬರನ್ನು ಕೂರಿಸಿ ಮತ್ತೊಮ್ಮೆ ನೋಡಿ. ಚೈನಿನ ಎರಡು ತುದಿಗಳನ್ನು ಸೇರಿಸುವ ಲಾಕಿನ ಮುಚ್ಚಿದ ತುದಿ ಚೈನು ಓಡುವ ದಿಕ್ಕಿಗೆ ಮುಖ ಮಾಡಿರಬೇಕು. ತಿರುವುಮುರುವಾದರೆ ಅದು ಎಲ್ಲಿಯಾದರೂ ಕಳಚಿ ಬೀಳುತ್ತದೆ.

ಟೈರಿನ ಹೂವು ಚೆನ್ನಾಗಿದ್ದ ಮಾತ್ರಕ್ಕೆ ಟೈರ್ ಚೆನ್ನಾಗಿದೆಯೆಂದಲ್ಲ. ಅದರ ಪಕ್ಕದಲ್ಲಿ ಅಂಡಾಕಾರದ ಚೌಕಟ್ಟಿನೊಳಗೆ ನಾಲ್ಕು ಅಂಕಿಗಳಿರುತ್ತವೆ: 2319 ಎಂದಿದ್ದರೆ 2019ರ 23ನೆಯ ವಾರದ ತಯಾರಿಕೆ. ಐದಾರು ವರ್ಷ ದಾಟಿದ, ಪಕ್ಕದಲ್ಲಿ ಕೂದಲೆಳೆ ಬಿರುಕು ಕಂಡ ಟೈರನ್ನು ದೂರಕ್ಕೆ ಒಯ್ಯಬೇಡಿ. ಈ ಗಾಡಿಯ ಎರಡೂ ಗಾಲಿಗಳು 2.75–18 ಅಳತೆಯವೇ ಆಗಿರುವುದರಿಂದ ಒಂದೇ ಹೆಚ್ಚುವರಿ ಟ್ಯೂಬು ಎರಡಕ್ಕೂ ಆಗುತ್ತದೆ. ಆದರೆ ಹಿಂದಕ್ಕೆ ಹೆಚ್ಚು ಪದರದ ಟೈರನ್ನೇ ಕೇಳಿ ಹಾಕಿಸಿ. ಗಾಳಿ ಮುಂದೆ 25, ಹಿಂದೆ ಒಬ್ಬರೇ ಇದ್ದರೆ 28, ಇಬ್ಬರಿದ್ದರೆ 41 ಪಿಎಸ್ಐ. ಒಬ್ಬರೇ ಹೋದರೂ ಹಿಂದೆ ಸಾಮಾನು ತುಂಬಿದ್ದರೆ ಇವೆರಡರ ನಡುವಿನ ಲೆಕ್ಕ ಹಿಡಿಯಿರಿ.

ಗಾಲಿಯ ಕಡ್ಡಿಗಳ (ಸ್ಪೋಕ್) ಪರೀಕ್ಷೆ ಕಿವಿಯಿಂದ ಆಗುವ ಕೆಲಸ. ಗಾಲಿಯನ್ನು ಮೆಲ್ಲಗೆ ತಿರುಗಿಸುತ್ತ ಚಿಕ್ಕ ಪಾನಾದಿಂದ ಒಂದೊಂದೇ ಕಡ್ಡಿಯನ್ನು ತಟ್ಟುತ್ತ ಹೋಗಿ. ಬಿಗಿಯಾದದ್ದು ಟಿಣ್ ಎನ್ನುತ್ತದೆ, ಸಡಿಲಾದದ್ದು ಮಡಕೆಯಂತೆ ದಬ್ ಎನ್ನುತ್ತದೆ. ನನ್ನ ಹಿಂದಿನ ಗಾಲಿಯಲ್ಲಿ ಅಂಥವು ನಾಲ್ಕು ಸಿಕ್ಕವು. ಅವುಗಳನ್ನು ಬಿಗಿಸಿದರಷ್ಟೇ ಸಾಲದು, ರಿಮ್ಮಿನ ಓಟವನ್ನೂ ಸರಿಮಾಡಿಸಬೇಕಾದ್ದರಿಂದ ಅದನ್ನೇ ಕಸುಬು ಮಾಡಿಕೊಂಡವರಿಗೆ ಗಾಲಿ ಒಪ್ಪಿಸಿ.

ಡ್ರಮ್ ಬ್ರೇಕಿನ ಪ್ಲೇಟಿನ ಹೊರಗೆ ಒಂದು ಗುರುತು, ಬ್ರೇಕಿನ ತೋಳಿನ ಬಳಿ ಬಾಣದ ಇನ್ನೊಂದು ಗುರುತು ಇದೆ. ಬ್ರೇಕು ಪೂರ್ತಿ ಒತ್ತಿದಾಗ ಎರಡೂ ಗುರುತುಗಳು ಎದುರುಬದುರಾದರೆ ಶೂ ಸವೆದಿದೆ. ದೂರದ ಹಾದಿಗೆ ಎರಡೂ ಗಾಲಿಗೆ ಹೊಸ ಶೂ ಹಾಕಿಸಿ, ಡ್ರಮ್ಮಿನ ಒಳಮೈಯನ್ನು ಪಾಲಿಶ್ ಕಾಗದದಿಂದ ಉಜ್ಜಿಸಿ. ಬ್ರೇಕಿನ ಕ್ಯಾಮಿಗೆ ಗ್ರೀಸನ್ನು ಬೆರಳ ತುದಿಯಷ್ಟೇ ಹಚ್ಚಬೇಕು. ಹೆಚ್ಚಾದರೆ ಬಿಸಿಗೆ ಕರಗಿ ಶೂವಿಗೇ ಹರಿಯುತ್ತದೆ.

ಕೇಬಲ್: ನಾನು ಕಲಿತದ್ದು ಕೂಡ್ಲಿಗಿಯಲ್ಲಿ

ಪ್ರಾಯೋಗಿಕ ಓಟವೊಂದರಲ್ಲಿ ಹೊಸಪೇಟೆಯಿಂದ ಹಿಂತಿರುಗುವಾಗ, ಕೂಡ್ಲಿಗಿಯ ಈಚೆ, ಹೊತ್ತು ಮುಳುಗುವ ವೇಳೆಗೆ ಕ್ಲಚ್ ಕೇಬಲ್ ಕಡಿಯಿತು. ಹೊಸ ಕೇಬಲ್ ಚೀಲದಲ್ಲಿತ್ತು, ಪಾನಾ ಇತ್ತು. ಆದರೆ ಕತ್ತಲಲ್ಲಿ, ಲಾರಿಗಳು ಪಕ್ಕದಲ್ಲೇ ಗುಯ್ಯೆಂದು ಹೋಗುತ್ತಿರುವಾಗ, ಹೆಡ್‌ಲೈಟಿನ ಹಿಂದಿನಿಂದ ಕೇಬಲನ್ನು ತೂರಿಸುವ ಕೆಲಸ ಕೈಗೂಡಲಿಲ್ಲ. ಗಾಡಿಯನ್ನು ತಳ್ಳಿ ಓಡಿಸಿ, ಎರಡನೆಯ ಗೇರಿಗೆ ಹಾಕಿ, ಕ್ಲಚ್ ಇಲ್ಲದೆ ಚಿತ್ರದುರ್ಗದವರೆಗೆ ಬಂದೆ. ಮರುದಿನ ಮಾಡಿದ ಕೆಲಸ ಇದು: ಹಳೆಯ ಕೇಬಲಿನ ಪಕ್ಕದಲ್ಲೇ, ಅದು ಹೋಗುವ ದಾರಿಯಲ್ಲೇ, ಹೊಸದೊಂದು ಕ್ಲಚ್ ಕೇಬಲನ್ನೂ ಹೊಸದೊಂದು ಆಕ್ಸಿಲರೇಟರ್ ಕೇಬಲನ್ನೂ ಎಣ್ಣೆ ಬಿಟ್ಟು ಹಾಯಿಸಿ, ತುದಿಗಳಿಗೆ ಪ್ಲಾಸ್ಟಿಕ್ ಸುತ್ತಿ ಟ್ಯಾಗಿನಿಂದ ಕಟ್ಟಿಬಿಟ್ಟೆ. ಕಡಿದರೆ ಎರಡು ತುದಿ ಬಿಡಿಸಿ ಎರಡು ತುದಿ ಸಿಕ್ಕಿಸಿದರೆ ಮುಗಿಯಿತು, ಹತ್ತು ನಿಮಿಷದ ಕೆಲಸ. ಹ್ಯಾಂಡಲನ್ನು ಎರಡೂ ಕಡೆಗೆ ಪೂರ್ತಿ ತಿರುಗಿಸಿ ಯಾವ ಕೇಬಲೂ ಎಳೆಯುತ್ತಿಲ್ಲವೆಂದು ಖಚಿತಪಡಿಸಿಕೊಳ್ಳಿ.

ಕರೆಂಟು

ಇಲ್ಲಿ ಕಡಿಮೆ ಮಾಡಿದಷ್ಟೂ ಒಳ್ಳೆಯದು. ಹಳೆಯ ಸ್ಪ್ಲೆಂಡರಿನ ಬ್ಯಾಟರಿ 12 ವೋಲ್ಟ್, 2.5 ಆಂಪಿಯರ್–ಅವರ್ ಮಾತ್ರ. ಹೆಡ್‌ಲೈಟ್ ಓಡುವುದು ಎಂಜಿನ್ ತಿರುಗುವಾಗ ಕರೆಂಟು ಹುಟ್ಟಿಸುವ ಮ್ಯಾಗ್ನೆಟ್ಟಿನಿಂದ ನೇರವಾಗಿ. ಪ್ಲಗ್ಗಿನ ಕಿಡಿಗೂ ಬ್ಯಾಟರಿ ಬೇಕಾಗಿಲ್ಲವಾದ್ದರಿಂದ ಬ್ಯಾಟರಿ ಸತ್ತರೂ ಒಂದೇ ಕಿಕ್ಕಿಗೆ ಗಾಡಿ ಏಳುತ್ತದೆ. ಇಂಥ ವ್ಯವಸ್ಥೆಗೆ ಹೆಚ್ಚುವರಿ ದೀಪಗಳನ್ನೂ ಗಟ್ಟಿ ಹಾರ್ನನ್ನೂ ಸೇರಿಸುವುದು ಚಿಕ್ಕ ಕೆರೆಗೆ ನಾಲ್ಕು ತೂಬು ಇಟ್ಟಂತೆ. ಹ್ಯಾಂಡಲ್ ಕೊರಳಿನ ಬಳಿ ತಿಕ್ಕಿ ಸವೆದ ವೈರುಗಳನ್ನು ಹುಡುಕಿ ಟೇಪು ಸುತ್ತಿ, ಕಪ್ಲರುಗಳ ಹಸಿರು ಕಿಲುಬು ಒರೆಸಿ, ಫ್ಯೂಸ್ ಹೊಸದು ಹಾಕಿ, ಎರಡು ಹೆಚ್ಚುವರಿ ಇಟ್ಟುಕೊಳ್ಳಿ. ಮೊಬೈಲಿಗೆ ಪವರ್ ಬ್ಯಾಂಕ್ ಸಾಕು, ಅದನ್ನು ರಾತ್ರಿ ಲಾಡ್ಜಿನಲ್ಲಿ ತುಂಬಿಸಿ. ಹೆಡ್‌ಲೈಟಿನ ಬೆಳಕು ಎಷ್ಟೆಂದು ಗೊತ್ತಿರುವುದರಿಂದ ಹೊತ್ತು ಮುಳುಗಿದ ಮೇಲೆ ಹೆದ್ದಾರಿಯಲ್ಲಿ ಓಡಿಸದಂತೆ ದಿನದ ಲೆಕ್ಕ ಹಾಕಿ.

ಸಾಮಾನು ಮತ್ತು ಉಪಕರಣ

ಕಂಪನಿ ಹೇಳುವ ಪ್ರಕಾರ ಈ ಗಾಡಿ ಹೊರಬಹುದಾದ ಒಟ್ಟು ಭಾರ 130 ಕೆ.ಜಿ. ಸವಾರ 75 ಇದ್ದರೆ ಉಳಿಯುವುದು 55. ಅದಿದೆಯೆಂದು ಅಷ್ಟನ್ನೂ ಹೇರಬಾರದು; ನನ್ನ ಮಿತಿ 20. ಹಿಂದಿನ ಕ್ಯಾರಿಯರ್ ತೆಳುವಾದ ಕೊಳವೆಯದಾದರೆ ಅದರ ಬೆಸುಗೆಯ ಜಾಗದಲ್ಲಿ ವೆಲ್ಡಿಂಗ್‌ನವರಿಂದ ಒಂದು ಪಟ್ಟಿ ಹೆಚ್ಚಿಗೆ ಕೂರಿಸಿ. ಭಾರವಾದವು ಹಿಂದಿನ ಆಕ್ಸಲಿಗಿಂತ ಮುಂದೆ, ಕೆಳಗೆ, ಎರಡೂ ಪಕ್ಕಕ್ಕೆ ಸಮನಾಗಿ ಇರಲಿ. ಸೀರೆ ಗಾರ್ಡ್ ಇರುವ ಪಕ್ಕ ಚೀಲ ಗಾಲಿಗೆ ತಾಗದಂತೆ ಅದೇ ತಡೆಯುತ್ತದೆ, ಇನ್ನೊಂದು ಪಕ್ಕಕ್ಕೂ ಅಂಥದ್ದೊಂದು ಚೌಕಟ್ಟು ಬೇಕು. ಕಟ್ಟಲು ಸೈಕಲ್ ಟ್ಯೂಬಿನ ಪಟ್ಟಿಗಿಂತ ಉತ್ತಮವಾದದ್ದು ನನಗೆ ಇನ್ನೂ ಸಿಕ್ಕಿಲ್ಲ.

ಪಾನಾಗಳು 8, 10, 12, 14, 17, 19. ಪ್ಲಗ್ ಪಾನಾ, ಕಟಿಂಗ್ ಪ್ಲೇಯರ್, ಎರಡು ಬಗೆಯ ಸ್ಕ್ರೂ ಡ್ರೈವರ್, ಟೈರ್ ಲಿವರ್ ಎರಡು, ಕೈ ಪಂಪು, ಪಂಕ್ಚರ್ ಪಟ್ಟಿ, ಒಂದು ಟ್ಯೂಬು. ಬದಲಿ ಭಾಗಗಳಲ್ಲಿ ಪ್ಲಗ್ಗು, ಚೈನ್ ಲಾಕು, ಬಲ್ಬು, ಅರ್ಧ ಲೀಟರ್ ಎಣ್ಣೆ, ಒಂದು ಗೇಣು ಪೆಟ್ರೋಲ್ ಪೈಪು, ಬೈಂಡಿಂಗ್ ತಂತಿ, ಎಂಸೀಲ್. ಪ್ಲಗ್ಗಿಗೆ ಕಿಡಿ ಕೊಡಿಸುವ ಸಿಡಿಐ ಪೆಟ್ಟಿಗೆ ಒಂದನ್ನು ಮಾತ್ರ ದುಬಾರಿಯಾದರೂ ಒಯ್ಯಿರಿ, ಏಕೆಂದರೆ ಅದು ಕೆಟ್ಟರೆ ದುರಸ್ತಿಯೆಂಬುದಿಲ್ಲ. ಉಳಿದ ಭಾಗಗಳು ಈ ದೇಶದ ಯಾವ ತಾಲ್ಲೂಕು ಕೇಂದ್ರದಲ್ಲೂ ಸಿಗುತ್ತವೆ. ನೂರು ಸಿಸಿ ಗಾಡಿಯನ್ನು ಆರಿಸಿಕೊಂಡದ್ದರ ದೊಡ್ಡ ಲಾಭವೇ ಅದು. ಪಂಕ್ಚರನ್ನು ಒಮ್ಮೆಯಾದರೂ ಮನೆಯ ಅಂಗಳದಲ್ಲಿ, ಚೀಲದಲ್ಲಿರುವ ಉಪಕರಣಗಳಿಂದಲೇ ಹಾಕಿ ನೋಡಿ. ನನಗೆ ಮೊದಲ ಸಲ ಎರಡು ಗಂಟೆ ಹಿಡಿಯಿತು, ಒಂದು ಹೊಸ ಟ್ಯೂಬೂ ಲಿವರಿಗೆ ಸಿಕ್ಕಿ ಹರಿಯಿತು.

ಮೂರು ಓಟಗಳು

ಎಲ್ಲ ಕೆಲಸ ಮುಗಿದ ಮೇಲೆ ಗಾಡಿ ಸಿದ್ಧವಾಯಿತೆಂದು ತಿಳಿಯಬೇಡಿ. ಬಿಚ್ಚಿ ಜೋಡಿಸಿದ ಗಾಡಿ ಬಿಚ್ಚದ ಗಾಡಿಗಿಂತ ಹೆಚ್ಚು ಅನುಮಾನಕ್ಕೆ ಅರ್ಹ. ಮೊದಲನೆಯ ಓಟ ಸಾಮಾನಿಲ್ಲದೆ ಚಿತ್ರದುರ್ಗಕ್ಕೆ ಹೋಗಿಬರುವುದು, ಸುಮಾರು 120 ಕಿಲೋಮೀಟರ್. ದುರ್ಗದ ಸಮೀಪ ಗಾಳಿಯಂತ್ರಗಳ ಗುಡ್ಡಗಳ ಬಳಿ ಅಡ್ಡಗಾಳಿ ಬೀಸುವಾಗ ಹ್ಯಾಂಡಲ್ ಹೇಗೆ ವರ್ತಿಸುತ್ತದೆಂದು ಅಲ್ಲಿ ತಿಳಿಯುತ್ತದೆ. ಬಂದ ಕೂಡಲೇ ಎರಡೂ ಗಾಲಿಯ ಡ್ರಮ್ಮನ್ನು ಮುಟ್ಟಿ ನೋಡಿ: ಒಂದು ಮಾತ್ರ ಸುಡುತ್ತಿದ್ದರೆ ಅಲ್ಲಿ ಬ್ರೇಕು ಹಿಡಿದುಕೊಂಡಿದೆ ಅಥವಾ ಬೇರಿಂಗು ಬಿಗಿಯಾಗಿದೆ.

ಎರಡನೆಯದು ಅರ್ಧ ಸಾಮಾನಿನೊಡನೆ ಚಿತ್ರದುರ್ಗ, ಹೊಸಪೇಟೆ, ಹಗರಿಬೊಮ್ಮನಹಳ್ಳಿ, ಹರಪನಹಳ್ಳಿ ಸುತ್ತಿ ದಾವಣಗೆರೆಗೆ ಒಂದೇ ದಿನದ ಸುತ್ತು. ಇದು ಗಾಡಿಗಿಂತ ಹೆಚ್ಚಾಗಿ ಸವಾರನ ಪರೀಕ್ಷೆ. ಸೀಟಿನ ಸ್ಪಂಜು ಬದಲಿಸಬೇಕೋ ಬೇಡವೋ ಎಂಬ ಪ್ರಶ್ನೆಗೆ ಹರಪನಹಳ್ಳಿ ಬರುವಷ್ಟರಲ್ಲಿ ಉತ್ತರ ಸಿಕ್ಕಿರುತ್ತದೆ. ಮೂರನೆಯದು ಪೂರ್ತಿ ಸಾಮಾನಿನೊಡನೆ ಶಿವಮೊಗ್ಗ, ತೀರ್ಥಹಳ್ಳಿ ಮಾರ್ಗವಾಗಿ ಆಗುಂಬೆ ಘಾಟಿ ಇಳಿದು, ಸೋಮೇಶ್ವರದಲ್ಲಿ ಗಾಡಿ ತಣಿಸಿ, ಮತ್ತೆ ಹತ್ತಿ ಬರುವುದು. ಆ 14 ತಿರುವುಗಳನ್ನು ಬ್ರೇಕಿನ ಮೇಲೆ ಕಾಲಿಟ್ಟುಕೊಂಡೇ ಇಳಿದರೆ ಡ್ರಮ್ ಕಾದು ಹಿಡಿತ ಬಿಡುತ್ತದೆ. ಎರಡನೆಯ ಗೇರಿನಲ್ಲಿ ಎಂಜಿನ್ನೇ ತಡೆಯುವಂತೆ ಇಳಿಯಿರಿ. ಹತ್ತುವಾಗ ಮೊದಲ ಗೇರಿನಲ್ಲೂ ಕ್ಲಚ್ ಜಾರಿ ಸದ್ದು ಮಾತ್ರ ಏರಿದರೆ ಪ್ಲೇಟುಗಳ ಕೆಲಸ ಉಳಿದಿದೆಯೆಂದು ಗೊತ್ತಾಗುತ್ತದೆ. ಪ್ರತಿ ಓಟದ ನಂತರವೂ ನಟ್ಟುಬೋಲ್ಟುಗಳನ್ನೆಲ್ಲ ಮತ್ತೊಮ್ಮೆ ಮುಟ್ಟಿ, ಸರಿಯಾದವುಗಳ ಮೇಲೆ ಬಿಳಿ ಬಣ್ಣದ ಗೀಟೆಳೆಯಿರಿ. ಗೀಟು ಮುರಿದಿದ್ದರೆ ಬೋಲ್ಟು ತಿರುಗಿದೆಯೆಂದು ದೂರದಿಂದಲೇ ಕಾಣುತ್ತದೆ.

ಹೊರಡುವ ವಾರ

ಮೂರನೆಯ ಓಟ ಮುಗಿದ ಮೇಲೆ ಎಣ್ಣೆ ಬದಲಿಸುವುದನ್ನು ಬಿಟ್ಟು ಬೇರೆ ಯಾವ ಭಾಗಕ್ಕೂ ಕೈ ಹಾಕಬೇಡಿ. ಕೊನೆಯ ದಿನ ಹಾಕಿಸಿದ ಹೊಸ ಭಾಗ ಎಂಥದೇ ಇರಲಿ, ಪರೀಕ್ಷೆಯಾಗದ ಭಾಗವೇ. ಗಂಗೆಯ ಬಯಲಿನಲ್ಲಿ ಡಿಸೆಂಬರ್ ಕೊನೆಯಿಂದ ಜನವರಿಯವರೆಗೆ ಮಂಜು ದಟ್ಟವಾಗಿ ಕವಿಯುವುದರಿಂದ ನವೆಂಬರಿನಲ್ಲಿ ಅಥವಾ ಫೆಬ್ರವರಿಯ ನಡುವಿನಲ್ಲಿ ಹೊರಡುವುದು ಒಳ್ಳೆಯದು. ರಾಷ್ಟ್ರೀಯ ಹೆದ್ದಾರಿಗಳಲ್ಲಿ ದ್ವಿಚಕ್ರ ವಾಹನಕ್ಕೆ ಟೋಲ್ ಇಲ್ಲ. ಆದರೆ ಬೆಂಗಳೂರು–ಮೈಸೂರು ಹೆದ್ದಾರಿಯ ಮುಖ್ಯ ಪಥದಲ್ಲಿ 2023ರ ಆಗಸ್ಟಿನಿಂದ ನಿಷೇಧಿಸಿದಂತೆ ಕೆಲವು ವೇಗದ ಹೆದ್ದಾರಿಗಳು ನಮ್ಮನ್ನು ಒಳಗೆ ಬಿಡುವುದಿಲ್ಲ, ಪ್ರವೇಶದ ಫಲಕ ಓದಿ ಮುಂದುವರಿಯಿರಿ.

ವೇಗ 50ರಿಂದ 55, ದಿನಕ್ಕೆ 250ರಿಂದ 300 ಕಿಲೋಮೀಟರ್, ಗಂಟೆಗೊಮ್ಮೆ ಹತ್ತು ನಿಮಿಷ ನಿಲುಗಡೆ. ದಿನವೂ ಬೆಳಿಗ್ಗೆ, ಎಂಜಿನ್ ತಣ್ಣಗಿರುವಾಗಲೇ ಎಣ್ಣೆ ಕಡ್ಡಿ, ಟೈರಿನ ಗಾಳಿ, ಚೈನಿನ ಸಡಿಲ, ಬಿಳಿ ಗೀಟುಗಳು, ಬ್ರೇಕ್ ದೀಪ ಇಷ್ಟನ್ನು ನೋಡಲು ಏಳು ನಿಮಿಷ ಸಾಕು. ತಣ್ಣಗಿನ ಎಂಜಿನ್ನಿನಲ್ಲಿ ಎಣ್ಣೆಯೆಲ್ಲ ಕೆಳಗೆ ಇಳಿದಿರುವುದರಿಂದ ಕಡ್ಡಿ ಸ್ವಲ್ಪ ಹೆಚ್ಚು ತೋರಿಸುತ್ತದೆ. ಹಿಂದಿನ ಬೆಳಗಿನ ಗುರುತಿಗೆ ಹೋಲಿಸಿ ನೋಡಿದರೆ ಅದರಿಂದ ತೊಂದರೆಯಿಲ್ಲ. ಎರಡು ಸಾವಿರ ಕಿಲೋಮೀಟರಿಗೆ ಎಣ್ಣೆ ಬದಲಿಸಿ: ದಾವಣಗೆರೆಯಿಂದ ಹೊರಟ ಲೆಕ್ಕಕ್ಕೆ ಅದು ಕಾಶಿ ತಲಪಿದ ಮೇಲೆ, ಮರಳಿ ಹೊರಡುವ ಮುನ್ನ, ಅಲ್ಲಿನ ಯಾವುದಾದರೂ ಗ್ಯಾರೇಜಿನ ಮುಂದೆ ಆಗಬೇಕಾದ ಕೆಲಸ.